ಕಾಸರಗೋಡು ಸೀರೆ ಮತ್ತು ಜಾಲದ ಅಂಗಡಿ

1938ರಲ್ಲಿ ಸ್ಥಾಪಿತವಾದ ಕಾಸರಗೋಡಿನ ನೇಕಾರರ ಸಹಕಾರಿ ಸಂಘದ ಹತ್ತಿಸೀರೆಗೆ ಭೌಗೋಳಿಕ ಸೂಚಕದ ಮನ್ನಣೆಯಿದೆ. ಅಂತಹ ಸೀರೆಯನ್ನು ಅಂತರ್ಜಾಲದಲ್ಲಿ ಎಲ್ಲಿ ಮಾರಬೇಕು? ಅಮೆಜಾನ್‌ನಂತಹ ಸಂತೆಯಲ್ಲಿ ಕೊಳ್ಳುವವರು ಧಾರಾಳ. ಆದರೆ ಮಾರಾಟಕ್ಕೆ ಶುಲ್ಕ ತೆರಬೇಕು, ಪಕ್ಕದಲ್ಲೇ ವಿದ್ಯುತ್‌ಮಗ್ಗದ ಅಗ್ಗದ ಸೀರೆ ಕಾಣಿಸೀತು. ಪರದೆಯ ಮೇಲೆ ನೂಲನ್ನು ಮುಟ್ಟಿ ನೋಡಲಾಗದಷ್ಟೆ! ಶಾಪಿಫೈನಲ್ಲಿ ಸ್ವಂತ ಮಳಿಗೆ ತೆರೆದರೆ ತಿಂಗಳ ಬಾಡಿಗೆಯುಂಟು. ವೂಕಾಮರ್ಸ್ ತಂತ್ರಾಂಶ ಉಚಿತ, ಹೋಸ್ಟಿಂಗಿನ ವೆಚ್ಚ ಮತ್ತು ನಿರ್ವಹಣೆಯ ಹೊಣೆ ಮಾತ್ರ ತಪ್ಪದು. ಗಿರಾಕಿಗಳನ್ನು ಕರೆತರುವ ಶ್ರಮವೂ ಮಾರುವವರದೇ. ಆದರೂ ಕೈಮಗ್ಗಕ್ಕೆ ಸ್ವಂತ ಮಳಿಗೆಯೇ ಲೇಸು. ದಿನಗಟ್ಟಲೆ ನೇಯ್ದ ಸೀರೆಗೆ ಸಾವಿರ ಗಿರಾಕಿಗಳು ಬೇಕಿಲ್ಲ, ಮರಳಿ ಬರುವ ಕೆಲವರು ಸಾಕು. ಅವರ ವಿಳಾಸಗಳು ಸಂಘದ ಕೈಯಲ್ಲಿರಬೇಕು. ವೇದಿಕೆ ಬದಲಿಸಿದರೆ ಆ ಪಟ್ಟಿಯನ್ನು ಒಯ್ಯಲು ಬರುವುದೇ, ಸೀರೆಯ ವಿವರಣೆ ಕನ್ನಡ, ಮಲಯಾಳಗಳೆರಡರಲ್ಲೂ ಸರಿಯಾಗಿ ಮೂಡುವುದೇ ಎಂಬುದನ್ನು ಹಣ ಕಟ್ಟುವ ಮುನ್ನವೇ ಪರೀಕ್ಷಿಸಬೇಕು.