ಆದೇಶ ಸಾಲಿನ ಆಯ್ಕೆಗಳ ದಾಖಲೀಕರಣ: ಸಿಸ್ಟಮ್‌ಸಿಟಿಎಲ್ ಕೈಪಿಡಿ ಮತ್ತು ವಿಜಯಪುರ ಭಾಗದ ಆಡುಮಾತು

ಪದ, ಪ್ರಯೋಗ ಮತ್ತು ಸಂದರ್ಭ ಈ ಮೂರನ್ನೂ ಕೂಡಿಸಿ ಬರೆದಿಟ್ಟಾಗ ಮಾತ್ರ ಮೌಖಿಕ ಜ್ಞಾನವು ಮತ್ತೊಬ್ಬರ ಬಳಕೆಗೆ ಒದಗುತ್ತದೆ ಎಂಬುದು ಜಾನಪದ ಕ್ಷೇತ್ರಕಾರ್ಯದ ಮೊದಲ ಪಾಠ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದ ವಿಜಯಪುರ ಜಿಲ್ಲೆಗೆ ಈ ಪಾಠ ಹೊಸದೇನಲ್ಲ. ಆದರೆ ಇಂದು ಅಂಥ ಹಾಡು, ಕಥೆಗಳ ಧ್ವನಿಮುದ್ರಣಗಳು ಸೇರುತ್ತಿರುವುದು ಗಣಕಯಂತ್ರದ ಸರ್ವರ್‌ಗಳಿಗೆ. ಗ್ರಂಥಾಲಯಗಳಲ್ಲಿ ಬಳಕೆಯಲ್ಲಿರುವ ಕೋಹಾ, ಡಿಸ್ಪೇಸ್‌ನಂತಹ ತಂತ್ರಾಂಶಗಳು ಸಾಮಾನ್ಯವಾಗಿ ನಡೆಯುವುದು ಲಿನಕ್ಸ್ ಮೇಲೆ. ಆ ಸರ್ವರನ್ನು ನಡೆಸುವ ಆದೇಶಗಳ ತಿಳಿವಳಿಕೆ ಮಾತ್ರ ಬಹುಮಟ್ಟಿಗೆ ಬಾಯಿಮಾತಿನಲ್ಲಿಯೇ ಉಳಿದಿದೆ. ಬಲ್ಲ ಸಿಬ್ಬಂದಿ ವರ್ಗವಾಗಿ ಹೋದರೆ ಹಿಂದೆ ಉಳಿಯುವುದು ಗೋಡೆಗೆ ಅಂಟಿಸಿದ ಒಂದು ಚೀಟಿ. ಅದರಲ್ಲಿ ಆದೇಶವಿರುತ್ತದೆ, ಅದನ್ನು ಯಾವಾಗ ಮತ್ತು ಏಕೆ ಕೊಡಬೇಕೆಂಬುದು ಇರುವುದಿಲ್ಲ.

ಲಿನಕ್ಸ್ ಯಂತ್ರ ಚಾಲೂ ಆದೊಡನೆ ದತ್ತಸಂಚಯ, ಜಾಲ ಸರ್ವರ್ ಮೊದಲಾದ ಸೇವೆಗಳನ್ನು ಕ್ರಮವರಿತು ಎಬ್ಬಿಸುವ, ಕಾಯುವ, ನಿಲ್ಲಿಸುವ ವ್ಯವಸ್ಥೆಗೆ ಸೇವಾ ನಿರ್ವಾಹಕ ಎನ್ನಬಹುದು. ಇವುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು 2010ರಲ್ಲಿ ಪ್ರಕಟವಾದ ಸಿಸ್ಟಮ್‌ಡಿ. ಫೆಡೋರಾ 2011ರಲ್ಲಿ, ಡೆಬಿಯನ್ ಮತ್ತು ಉಬುಂಟು 2015ರಲ್ಲಿ ಇದನ್ನು ಮೂಲ ವ್ಯವಸ್ಥೆಯಾಗಿ ಒಪ್ಪಿಕೊಂಡವು. ಇದರೊಡನೆ ಮಾತನಾಡುವ ಆದೇಶದ ಹೆಸರು ಸಿಸ್ಟಮ್‌ಸಿಟಿಎಲ್. ಅದರ ಮುಂದೆ ಒಂದು ಕ್ರಿಯಾಪದ, ಒಂದು ಸೇವೆಯ ಹೆಸರು, ಅಗತ್ಯವಿದ್ದಲ್ಲಿ ಎರಡು ಅಡ್ಡಗೆರೆಗಳಿಂದ ಮೊದಲಾಗುವ ಆಯ್ಕೆಗಳು ಬರುತ್ತವೆ.

ಕನ್ನಡದಲ್ಲಿ ಇದನ್ನು ವಿವರಿಸ ಹೊರಟವರಿಗೆ ಮೊದಲ ತೊಡಕು ಎದುರಾಗುವುದು ಕ್ರಿಯಾಪದದಲ್ಲಿಯೇ. ‘ಸ್ಟಾರ್ಟ್’ ಎಂದರೆ ಸೇವೆಯನ್ನು ಈ ಗಳಿಗೆಯಲ್ಲಿ ಆರಂಭಿಸುವುದು. ‘ಎನೇಬಲ್’ ಎಂದರೆ ಯಂತ್ರ ಪ್ರತಿಸಲ ಚಾಲೂ ಆದಾಗ ಸೇವೆ ತಾನಾಗಿಯೇ ಏಳುವಂತೆ ಕೊಂಡಿ ಹಾಕಿಡುವುದು. ಅಷ್ಟರಿಂದಲೇ ಸೇವೆ ಈಗ ಆರಂಭವಾಗುವುದಿಲ್ಲ. ನಮ್ಮ ತಾಂತ್ರಿಕ ಬರಹಗಳಲ್ಲಿ ‘ಎನೇಬಲ್’ ಮತ್ತು ‘ಆಕ್ಟಿವೇಟ್’ ಎರಡಕ್ಕೂ ‘ಸಕ್ರಿಯಗೊಳಿಸು’ ಎಂದೇ ಬರೆಯುವುದುಂಟು. ಬೇರೆಡೆ ಇದು ನಡೆದೀತು, ಇಲ್ಲಿ ಅಪಾಯಕಾರಿ. ಏಕೆಂದರೆ ಒಂದು ಸೇವೆ ‘ಆಕ್ಟಿವ್’ ಆಗಿದ್ದೂ ‘ಎನೇಬಲ್’ ಆಗದಿರಬಹುದು. ಅಂಥ ಸೇವೆ ತಿಂಗಳುಗಟ್ಟಲೆ ಸರಿಯಾಗಿಯೇ ನಡೆದು, ಒಂದು ರಾತ್ರಿ ವಿದ್ಯುತ್ ಹೋಗಿ ಬಂದ ಮೇಲೆ ಏಳುವುದೇ ಇಲ್ಲ. ಸಂಗ್ರಹ ಡಿಸ್ಕಿನಲ್ಲಿ ಕ್ಷೇಮವಾಗಿದ್ದರೂ ಬೆಳಗ್ಗೆ ಬಂದ ಸಂಶೋಧಕನ ಪಾಲಿಗೆ ಅದು ಕಳೆದುಹೋದಂತೆಯೇ.

ಈ ವ್ಯತ್ಯಾಸವನ್ನು ಹೇಳಲು ನಿಘಂಟಿಗಿಂತ ತಿಕೋಟಾ, ಬಬಲೇಶ್ವರ ಭಾಗದ ಹೊಲ ಮತ್ತು ದ್ರಾಕ್ಷಿ ತೋಟಗಳ ವ್ಯವಹಾರ ಹೆಚ್ಚು ನೆರವಿಗೆ ಬರುತ್ತದೆ. ದಿನಗೂಲಿಯ ಆಳನ್ನು ಕೆಲಸಕ್ಕೆ ಹಚ್ಚುವುದು ಒಂದು. ಯುಗಾದಿಯಿಂದ ಯುಗಾದಿಗೆ ಸಂಬಳಕ್ಕೆ ಆಳನ್ನು ಗೊತ್ತುಮಾಡುವುದು ಇನ್ನೊಂದು. ಮೊದಲನೆಯವನು ಇಂದು ದುಡಿಯುತ್ತಾನೆ, ನಾಳೆ ಮತ್ತೆ ಕರೆಯಬೇಕು. ಎರಡನೆಯವನು ಕರೆಯದೆಯೂ ಬರುತ್ತಾನೆ, ಆದರೆ ಗೊತ್ತುಮಾಡಿದ ಗಳಿಗೆಯಲ್ಲೇ ಕೆಲಸಕ್ಕೆ ಇಳಿದಿರುವುದಿಲ್ಲ. ‘ಹಚ್ಚು’ ಮತ್ತು ‘ಗೊತ್ತುಮಾಡು’ ಎಂಬ ಈ ಜೋಡಿ ‘ಸ್ಟಾರ್ಟ್’, ‘ಎನೇಬಲ್’ಗಳಿಗೆ ಹೊಂದುವಷ್ಟು ‘ಸಕ್ರಿಯಗೊಳಿಸು’ ಹೊಂದದು. ಇದರ ಬೆಳಕಿನಲ್ಲಿ ಆಯ್ಕೆಗಳೂ ತಿಳಿಯಾಗುತ್ತವೆ. ‘ಎನೇಬಲ್’ ಜೊತೆ ‘ನೌ’ ಸೇರಿಸಿದರೆ ಗೊತ್ತುಮಾಡಿ ಆಗಲೇ ಕೆಲಸಕ್ಕೆ ಹಚ್ಚಿದಂತೆ. ‘ರನ್‌ಟೈಮ್’ ಸೇರಿಸಿದರೆ ಆ ಕರಾರು ಯಂತ್ರ ಮತ್ತೆ ಚಾಲೂ ಆಗುವವರೆಗೆ ಮಾತ್ರ. ‘ಡಿಸೇಬಲ್’ ಕರಾರನ್ನು ಮುರಿಯುತ್ತದೆ, ಆದರೂ ಆ ಸೇವೆಯನ್ನು ಕೈಯಾರೆ ಹಚ್ಚಬಹುದು. ‘ಮಾಸ್ಕ್’ ಮಾಡಿದರೆ ಅದಕ್ಕೂ ಅವಕಾಶವಿಲ್ಲ.

ಎಲ್ಲಕ್ಕಿಂತ ಎಚ್ಚರಿಕೆಯಿಂದ ದಾಖಲಿಸಬೇಕಾದದ್ದು ‘ಫೋರ್ಸ್’. ಇದರ ಅರ್ಥ ಸಂಪೂರ್ಣವಾಗಿ ಸಂದರ್ಭಾಧೀನ. ‘ಎನೇಬಲ್’ ಜೊತೆ ಬಂದರೆ ಈಗಾಗಲೇ ಇರುವ ವಿರುದ್ಧ ಕೊಂಡಿಗಳನ್ನು ಅಳಿಸಿ ಹೊಸದನ್ನು ಹಾಕುತ್ತದೆ. ‘ರೀಬೂಟ್’ ಜೊತೆ ಒಮ್ಮೆ ಬಂದರೆ ಸೇವೆಗಳನ್ನು ಕ್ರಮವಾಗಿ ನಿಲ್ಲಿಸುವ ಹಂತವನ್ನು ಬಿಟ್ಟುಬಿಡುತ್ತದೆ; ಆದರೂ ನಡೆಯುತ್ತಿರುವ ಪ್ರಕ್ರಿಯೆಗಳನ್ನು ಮುಗಿಸಿ ಕಡತ ವ್ಯವಸ್ಥೆಯನ್ನು ಕಳಚಿಯೇ ಯಂತ್ರವನ್ನು ಮರುಚಾಲನೆ ಮಾಡುತ್ತದೆ. ಅದೇ ಪದವನ್ನು ಎರಡು ಸಲ ಬರೆದರೆ ಅದನ್ನೂ ಮಾಡದೆ ತಕ್ಷಣ ಮರುಚಾಲನೆ. ದತ್ತಾಂಶ ನಷ್ಟವಾಗಬಹುದೆಂದು ಕೈಪಿಡಿಯೇ ಎಚ್ಚರಿಸುತ್ತದೆ. ಪುನರುಕ್ತಿಯಿಂದ ಅರ್ಥ ಬಲಿಯುವುದನ್ನು ಜಾನಪದ ವಿದ್ವಾಂಸರು ಹಾಡಿನಲ್ಲಿ ಬಲ್ಲರು, ಇಲ್ಲಿ ಅದು ಧ್ವನಿಮುದ್ರಣಗಳನ್ನೇ ಕೆಡಿಸಬಲ್ಲದು. ‘ಫೋರ್ಸ್: ಒತ್ತಾಯ’ ಎಂಬ ಪದಪಟ್ಟಿಯ ಒಂದು ಸಾಲು ಇದರಲ್ಲಿ ಏನನ್ನೂ ತಿಳಿಸದು.

ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಹೆಸರು, ಬಳಕೆಯ ರೂಪ, ವಿವರಣೆ, ದೋಷಗಳು ಎಂಬ ಶೀರ್ಷಿಕೆಗಳ ಚೌಕಟ್ಟು ಆಗಿನಿಂದ ಇಂದಿನವರೆಗೂ ಹೆಚ್ಚು ಬದಲಾಗಿಲ್ಲ. ತನ್ನ ದೋಷಗಳನ್ನು ತಾನೇ ಪಟ್ಟಿ ಮಾಡುವ ಈ ಪ್ರಾಮಾಣಿಕತೆ ನಮ್ಮ ಸಂಪಾದಿತ ಗ್ರಂಥಗಳಲ್ಲಿ ಅಪರೂಪ. ಸಿಸ್ಟಮ್‌ಡಿಯ ಇತ್ತೀಚಿನ ಕೈಪಿಡಿಗಳಲ್ಲಿ ಪ್ರತಿ ಆಯ್ಕೆಯೂ ಯಾವ ಆವೃತ್ತಿಯಲ್ಲಿ ಸೇರಿತೆಂಬುದನ್ನೂ ಕಾಣಿಸಲಾಗಿದೆ. ‘ನೌ’ ಬಂದದ್ದು 220ನೆಯದರಲ್ಲಿ. ಹಾಡಿನ ಅಡಿಯಲ್ಲಿ ಊರು ಮತ್ತು ಸಂಗ್ರಹಿಸಿದ ದಿನ ಬರೆಯುವಷ್ಟೇ ಇದು ಅಗತ್ಯ, ಏಕೆಂದರೆ ಹಳೆಯ ಸರ್ವರ್ ಹೊಸ ಆಯ್ಕೆಯನ್ನು ಅರಿಯದು.

ವಿಜಯಪುರ ನಗರದ ಒಂದು ಗ್ರಂಥಾಲಯವು ತನ್ನ ಸರ್ವರಿಗೆ ಕನ್ನಡದಲ್ಲಿ ಇಂಥ ಪುಸ್ತಿಕೆ ಸಿದ್ಧಪಡಿಸುವುದಾದರೆ, ಆದೇಶವನ್ನು ಮೂಲ ಅಕ್ಷರಗಳಲ್ಲೇ ಉಳಿಸಿಕೊಂಡು, ಅರ್ಥವನ್ನು ಆಡುಮಾತಿನಲ್ಲಿ ಬರೆದು, ಯಾವ ಕ್ರಿಯಾಪದದೊಡನೆ ಅದು ಏನು ಮಾಡುತ್ತದೆ, ಕೊಟ್ಟ ಆದೇಶವನ್ನು ಹಿಂದೆಗೆಯುವ ಬಗೆ ಯಾವುದು, ಯಾವ ಆವೃತ್ತಿಯಲ್ಲಿ ಪರೀಕ್ಷಿಸಲಾಯಿತು ಎಂಬುದನ್ನು ನಮೂದಿಸಬೇಕಾಗುತ್ತದೆ. ಸೇವೆ ಈಗ ನಡೆಯುತ್ತಿದೆಯೇ ಎಂದು ‘ಈಸ್-ಆಕ್ಟಿವ್’ ಮೂಲಕವೂ, ಮುಂದೆಯೂ ತಾನಾಗಿ ಏಳುವುದೇ ಎಂದು ‘ಈಸ್-ಎನೇಬಲ್ಡ್’ ಮೂಲಕವೂ ಕೇಳಿ, ಎರಡೂ ಉತ್ತರಗಳನ್ನು ಪಕ್ಕಪಕ್ಕದಲ್ಲಿ ಬರೆದಿಡುವುದು ಆ ಪುಸ್ತಿಕೆಯ ಮೊದಲ ಪುಟದ ಕೆಲಸ.