ಮೊದಲು ಅಳೆಯೋಣ, ಆಮೇಲೆ ಕೊಳ್ಳೋಣ

ಡೆಸ್ಕ್‌ಟಾಪ್ ಆನ್ ಆಗದಿದ್ದರೆ ಕಂಪ್ಯೂಟರೇ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಕೆಟ್ಟಿರುವುದು ಅದಕ್ಕೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆ ಮಾತ್ರವೂ ಇರಬಹುದು. ತಿಳಿಯಲು ಮಲ್ಟಿಮೀಟರ್ ಸಾಕು.

ನಮ್ಮಕ್ಕ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವುದು ಮನೆಯ ಹಳೆಯ ಕಂಪ್ಯೂಟರಿನಲ್ಲೇ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಅದು ನಿಂತುಹೋಯಿತು. ‘ಮದರ್‌ಬೋರ್ಡ್ ಹೋಗಿದೆ, ಹೊಸ ಕಂಪ್ಯೂಟರ್ ತಗೊಳ್ಳಿ’ ಎಂದರು ರಿಪೇರಿಯವರು. ಅಪ್ಪ ಸಾಲ ಎಲ್ಲಿ ಕೇಳುವುದೆಂದು ಯೋಚಿಸತೊಡಗಿದರು.

ಬಿ.ಇ. ಲ್ಯಾಬ್‌ಗೆಂದು ಕೊಂಡ ಮೀಟರ್ ನನ್ನ ಬ್ಯಾಗಿನಲ್ಲಿತ್ತು. ಪ್ಲಗ್ ಕಿತ್ತು, 24 ಪಿನ್‌ಗಳ ಕನೆಕ್ಟರನ್ನು ಮದರ್‌ಬೋರ್ಡಿನಿಂದ ಬಿಡಿಸಿದೆ. ಮತ್ತೆ ಪ್ಲಗ್ ಹಾಕಿ, ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿದೆ. ಕಪ್ಪು ಪ್ರೋಬ್ ಕಪ್ಪು ವೈರಿನ ಪಿನ್ನಿಗೆ, ಕೆಂಪು ಪ್ರೋಬ್ ನೇರಳೆ ವೈರಿನ ಪಿನ್ನಿಗೆ. ಕಂಪ್ಯೂಟರ್ ಆಫ್ ಇದ್ದರೂ ನೇರಳೆಯಲ್ಲಿ 5 ವೋಲ್ಟ್ ಇರಬೇಕು. ಪವರ್ ಬಟನ್ ಒತ್ತಿದ್ದು ಮದರ್‌ಬೋರ್ಡಿಗೆ ಗೊತ್ತಾಗುವುದೇ ಅದರ ಬಲದಿಂದ. 4.75ರಿಂದ 5.25 ಇದ್ದರೆ ಸರಿ. ನಮ್ಮದು ತೋರಿಸಿದ್ದು 3.6! ಮದರ್‌ಬೋರ್ಡ್ ಬಿಡಿಸಿದ ಮೇಲೂ ಇಷ್ಟು ಕಡಿಮೆ ಎಂದರೆ ದೋಷ ಎಸ್‌ಎಂಪಿಎಸ್‌ನದ್ದೇ. ಅದನ್ನಷ್ಟೇ ಬದಲಿಸಿದೆವು, ಕಂಪ್ಯೂಟರ್ ಎದ್ದಿತು.

ನೇರಳೆ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿ ಎನ್ನಲಾಗದು. ಕಂಪ್ಯೂಟರ್ ಆನ್ ಆದಾಗ ಹಳದಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಬರಬೇಕು. ಒಂದು ಎಚ್ಚರಿಕೆ: ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಲ್ಯಾಬ್ ರೆಕಾರ್ಡಿನಲ್ಲಿ ಎಷ್ಟೋ ರೀಡಿಂಗ್ ಬರೆದಿದ್ದೇನೆ. ಅಪ್ಪನ ಸಾಲ ತಪ್ಪಿಸಿದ್ದು ಮಾತ್ರ ಆ 3.6.