ಮಂಗಳೂರಿನಲ್ಲಿ ಒಂದು ಬಿಡುವಿನ ದಿನ

ಅಡಿಕೆ ಮಾರಲು, ಆಸ್ಪತ್ರೆಗೆಂದು ಎಷ್ಟೋ ಸಲ ಮಂಗಳೂರಿಗೆ ಬಂದವರು ನಾವು, ಊರು ನೋಡಿದವರಲ್ಲ. ಈ ಸಲ ಅಡಿಕೆ ಸುಲಿದು ಮುಗಿದ ಮೇಲೆ, ಕೈಯಲ್ಲಿ ಯಾವ ಕೆಲಸವೂ ಇಲ್ಲದೆ ಸಪತ್ನೀಕರಾಗಿ ಹೊರಟೆವು.

ಬೆಳಿಗ್ಗೆ ಕದ್ರಿ ದೇವಸ್ಥಾನದಲ್ಲಿ, ಕ್ರಿ.ಶ. 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ವಿಗ್ರಹಕ್ಕೆ ಕೈಮುಗಿದೆವು. ಬಳಿಕ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ, ಇಟಲಿಯ ಆಂತೋನಿಯೊ ಮೊಸ್ಕೆನಿ ಗೋಡೆ, ಮಾಡುಗಳ ಮೇಲೆ ಬರೆದ ಚಿತ್ರಗಳನ್ನು ಕತ್ತೆತ್ತಿ ನೋಡಿದೆವು. ಗೋಳಿಬಜೆ, ಕಾಫಿಯೂ ಆಯಿತು.

ಸಂಜೆ ಪಣಂಬೂರಿನ ಮರಳಿನಲ್ಲಿ ಕೂತಾಗ ಮನೆಯವರೆಂದರು: "ಮೂವತ್ತು ವರ್ಷ, ಅಂಗಳದ ಅಡಿಕೆ ಒದ್ದೆಯಾದೀತೆಂದು ಆಕಾಶ ನೋಡಿದ್ದೇ ಆಯಿತು. ಇವತ್ತು ಸುಮ್ಮನೆ ನೋಡಿದೆ."

ನಮಗೆ ಉತ್ತರ ಹೊಳೆಯಲಿಲ್ಲ.

ಸದಸ್ಯ ಬಂಧುಗಳೇ, ಮುಂದಿನ ಸಲ ಲೆಕ್ಕ ಮುಗಿಸಿ ಕೊನೆಯ ಬಸ್ಸಿಗೆ ಓಡಬೇಡಿ. ಮನೆಯವರನ್ನೂ ಕರೆತನ್ನಿ. ತೋಟ ಒಂದು ದಿನ ಕಾದೀತು.